ದ್ರಾಕ್ಷಿಯ ಉಡಿ

ಒಂದು ಕೋಣೆಗೆ ದಿನಕ್ಕೆ ಹನ್ನೆರಡು ಸಾವಿರ, ಮೇಲೆ ತೆರಿಗೆ. ಅಂಥವು ಮೂರು ಕೋಣೆ, ಎರಡು ದಿನ. ತೋಟ ಸುತ್ತಿಸಿ ವೈನಿನ ರುಚಿ ತೋರಿಸುವುದಕ್ಕೆ ತಲೆಗೆ ಒಂಬೈನೂರು ಬೇರೆ. ಬಚ್ಚಲಿನ ಬಾಗಿಲ ಹಿಂದೆ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿದ ಒಂದು ಪಟ್ಟಿ ತೂಗುತ್ತಿತ್ತು: ಕೋಣೆಯ ಸಾಮಾನು ಕಳೆದರೆ, ಕೆಡಿಸಿದರೆ ಕೊಡಬೇಕಾದ ಬೆಲೆ. ಮೈ ಒರೆಸುವ ಟವೆಲ್ಲಿಗೆ ಸಾವಿರದ ಎಂಟುನೂರು, ಗಾಜಿನ ಲೋಟಕ್ಕೆ ಆರುನೂರು, ಕೈ ಒರೆಸುವ ಬಿಳಿ ನ್ಯಾಪ್ಕಿನ್ನಿಗೆ ನಾನೂರ ಐವತ್ತು. ಹೇಮಾ ಹಲ್ಲುಜ್ಜುತ್ತ ಅದನ್ನು ಮೂರನೆಯ ಸಲ ಓದಿದಳು. ಇಲ್ಲಿ ಕಸ ಹೊಡೆದು ಹಾಸಿಗೆ ಹಾಸುವ ಹೆಂಗಸರಿಗೆ ತಿಂಗಳಿಗೆ ಒಂಬತ್ತು ಸಾವಿರವಂತೆ. ನಿನ್ನೆ ಊಟಕ್ಕೆ ಕೂತಾಗ ನಾದಿನಿ ವಾಣಿಶ್ರೀಯ ಗಂಡ ರುದ್ರೇಶ ಹೇಳಿದ್ದ. ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರ ಮಾಡುವ ಅವನಿಗೆ ಹೋದಲ್ಲೆಲ್ಲ ಇಂಥದನ್ನು ಕೇಳಿ ತಿಳಿದುಕೊಳ್ಳುವ ರೂಢಿ. ಅವನ ಮಗಳು ಶೀಲಾಳಿಗೆ ಶಿಗ್ಗಾಂವಿಯ ದೊಡ್ಡ ಮನೆತನದಲ್ಲಿ ಸಂಬಂಧ ಕುದುರಿದೆ, ಮುಂದಿನ ತಿಂಗಳು ನಿಶ್ಚಯ. ಆ ಸಂತೋಷಕ್ಕೆ ಹೆಂಡತಿಯ ತವರಿನವರನ್ನೆಲ್ಲ ಈ ದ್ರಾಕ್ಷಿ ತೋಟದ ರೆಸಾರ್ಟಿಗೆ ಕರೆದುಕೊಂಡು ಬಂದಿದ್ದ. ಆಡೂರಿನ ದಾರಿಯಲ್ಲಿ ಮೊದಲು ಗೋವಿನಜೋಳ ಬೆಳೆಯುತ್ತಿದ್ದ ಇಳಿಜಾರು ಇದು. ಈಗ ಸಾಲುಸಾಲು ತಂತಿ, ತಂತಿಗೆ ಹಬ್ಬಿದ ಬಳ್ಳಿ, ನಡುವೆ ಹೆಂಚಿನ ಬಂಗಲೆ. ದುಡ್ಡು ರುದ್ರೇಶನದು, ಹೇಮಾಳಿಗೆ ಅದರ ಚಿಂತೆಯಿರಲಿಲ್ಲ. ಅವಳು ಪಟ್ಟಿಯನ್ನು ಓದುತ್ತಿದ್ದುದು ಬಚ್ಚಲಿನಿಂದ ಹೊರಗೆ ಹೋಗುವುದನ್ನು ಒಂದಿಷ್ಟು ಮುಂದೆ ಹಾಕುವುದಕ್ಕೆ. ಹೊರಗೆ ಕೋಣೆ, ಕೋಣೆಯ ಹೊರಗೆ ಉದ್ದನೆಯ ಪಡಸಾಲೆ, ಆ ಪಡಸಾಲೆಯಲ್ಲಿ ಎಲ್ಲೋ ಒಂದು ಕಡೆ ಅಡಿವೆವ್ವ ಇದ್ದಳು.

ನಿನ್ನೆ ಮಧ್ಯಾಹ್ನ ಮೊದಲು ಗುರುತು ಸಿಕ್ಕಿದ್ದು ಮುಖದಿಂದಲ್ಲ, ಕೈಯಿಂದ. ಬೂದಿ ಬಣ್ಣದ ಪ್ಯಾಂಟು ಅಂಗಿ ತೊಟ್ಟು ತಲೆಗೆ ಟೊಪ್ಪಿಗೆ ಹಾಕಿಕೊಂಡ ಹೆಂಗಸೊಬ್ಬಳು ಬಕೆಟ್ಟಿನ ಮೇಲೆ ಬಗ್ಗಿ ಒರೆಸುವ ಬಟ್ಟೆ ಹಿಂಡುತ್ತಿದ್ದಳು. ಹಿಂಡಿದಳು, ಝಾಡಿಸಿದಳು, ನೀರೇ ಇಲ್ಲದ ಬಟ್ಟೆಯನ್ನು ಮತ್ತೊಮ್ಮೆ ಹಿಂಡಿದಳು. ಹಾಗೆ ಮಾಡುವವಳನ್ನು ಹೇಮಾ ಒಬ್ಬಳನ್ನೇ ಕಂಡಿದ್ದಳು. ಹುಲಗೂರಿನ ಕೇರಿಯಲ್ಲಿ, ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಫೋಟೊ ಇದ್ದ ಒಂದಂಕಣದ ಮನೆಯ ಮುಂದೆ, ಅವಳ ಶಾಲೆಯ ನೀಲಿ ಲಂಗವನ್ನು ಹೀಗೇ ಎರಡು ಸಲ ಹಿಂಡಿ ಒಣಗಹಾಕುತ್ತಿದ್ದ ಚಿಗವ್ವ. ಅವ್ವ ಸತ್ತಾಗ ಹೇಮಾಳಿಗೆ ಐದು ವರ್ಷ. ಅಲ್ಲಿಂದ ಡಿ.ಎಡ್ ಮುಗಿಯುವ ತನಕ ಕಳೆ ಕಿತ್ತು ಓದಿಸಿದವಳು ಅವ್ವನ ತಂಗಿ ಈ ಅಡಿವೆವ್ವ. ತಲೆ ಎತ್ತಿದಾಗ ಕಣ್ಣು ಕೂಡಿದವು. ಅಡಿವೆವ್ವನ ಬಾಯಿ ತುಸು ತೆರೆಯಿತು. ಹೇಮಾ ಗೋಡೆಯ ಮೇಲಿನ ದ್ರಾಕ್ಷಿಯ ಚಿತ್ರದ ಕಡೆ ಮುಖ ತಿರುಗಿಸಿದಳು. ಗೊಂಚಲಿನಲ್ಲಿ ಎಷ್ಟು ಕಾಯಿ ಇವೆಯೆಂದು ಎಣಿಸುವವಳ ಹಾಗೆ ನೋಡುತ್ತ ಮುಂದೆ ನಡೆದಳು. ಅಡಿವೆವ್ವ ಬಕೆಟ್ಟನ್ನು ಬದಿಗೆ ಎಳೆದುಕೊಂಡು ಗೋಡೆಗೆ ಬೆನ್ನು ಹಚ್ಚಿ ನಿಂತು, ಇಲ್ಲಿ ಕಲಿಸಿದ ಹಾಗೆ ಎದೆಯ ಮೇಲೆ ಕೈಯಿಟ್ಟು, "ನಮಸ್ಕಾರ ಮೇಡಂ" ಎಂದಳು. ಹಿಂದಿನಿಂದ ಅತ್ತೆ ದಾನವ್ವ ಬರುತ್ತಿದ್ದಳು. ಅವಳ ಚಪ್ಪಲಿಯ ಸಪ್ಪಳ ಆ ಜಾಗದಲ್ಲಿ ಒಂದು ಗಳಿಗೆ ನಿಂತಿತೆ? ಅಥವಾ ನಿಂತಂತೆ ತನಗೆ ಕೇಳಿಸಿತೆ? ನಿನ್ನೆಯಿಂದ ಹೇಮಾ ಅದೊಂದನ್ನೇ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದಳು.

ದಾನವ್ವ ಅಡಿವೆವ್ವನನ್ನು ನೋಡಿದ್ದು ಹಿಂದೆ ಒಂದೇ ಸಲ. ಆರು ವರ್ಷವಾಯಿತು. ಹೇಮಾ ಚನ್ನೇಶನ ಜೊತೆ ರಜಿಸ್ಟರ್ ಮದುವೆಯಾಗಿ ಹಾನಗಲ್ಲಿನ ಮನೆಗೆ ಬಂದ ದಿನ ದಾನವ್ವ ಅಳಲಿಲ್ಲ, ಬೈಯಲಿಲ್ಲ, ಸೊಸೆಯನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿ ಮಾತು ಮುಗಿಸಿದ್ದಳು. "ನೋಡು, ಮಗ ಮಾಡ್ಕೊಂಡು ಬಂದಾನ, ಹೊರಗ ಹಾಕಾಂಗಿಲ್ಲ. ಸ್ವಾಮಿಗಳ ಕಡೆಯಿಂದ ಲಿಂಗಾ ಕಟ್ಟಸ್ತೇನಿ. ಹುಬ್ಬಳ್ಳಿ ಕಡೆ ಮಾಸ್ತರ ಮಗಳು, ತಂದಿ ತಾಯಿ ಇಲ್ಲ ಅಂತ ಮಂದಿಗೆ ಹೇಳ್ತೇನಿ. ನನ್ನ ಮಗಳು ವಾಣಿಶ್ರೀಗೂ ಅಷ್ಟ ಹೇಳ್ತೇನಿ. ನಿನ್ನ ಮಂದಿ ಮಾತ್ರ ನಮ್ಮ ಬಾಗಲಕ್ಕ ಬರಬಾರದು." ಆದರೆ ಮರುತಿಂಗಳು ಅಡಿವೆವ್ವ ಬಂದಳು. ಕಂಕುಳಲ್ಲಿ ಒಂದು ಗಂಟು, ಗಂಟಿನ ಬಾಯಿಂದ ಹೊರಗೆ ಇಣುಕಿದ್ದ ಹಸಿರು ಖಣದ ಕೆಂಪು ಅಂಚು. ಮದುವೆಯಾದ ಮಗಳ ಉಡಿ ತವರಿನವರು ತುಂಬಬೇಕು, ಅದಕ್ಕೆ ಬಂದಿದ್ದಳು. ದಾನವ್ವ ಗೇಟಿನ ಹತ್ತಿರವೇ ನಿಂತು ಏನೋ ಹೇಳಿದಳು. ಕೂಗಾಡಲಿಲ್ಲ, ಕೈ ಬೀಸಲಿಲ್ಲ. ಅಡಿವೆವ್ವ ತಲೆಯಾಡಿಸಿ, ಗಂಟನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಹೋದಳು. ಹೇಮಾ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಒಲೆಯ ಮೇಲೆ ಹಾಲಿತ್ತು. ಅದು ಉಕ್ಕೀತೆಂದು ತಾನು ಹೊರಗೆ ಹೋಗಲಿಲ್ಲವೆಂದು ಬಹಳ ದಿನ ತನಗೆ ತಾನೇ ಹೇಳಿಕೊಂಡಿದ್ದಳು. ಹಾಲು ಉಕ್ಕಿಯೇ ಉಕ್ಕಿತ್ತು.

ಈ ದಿನ ಬೆಳಿಗ್ಗೆ ಎದ್ದ ಕೂಡಲೇ ಚನ್ನೇಶನಿಗೆ ಹೇಳಿದಳು. "ರೀ, ಇಲ್ಲಿ ಚಿಗವ್ವ ಅದಾಳ್ರಿ. ಕೆಲಸಕ್ಕದಾಳ."

ಚನ್ನೇಶ ಷೂ ಕಟ್ಟುತ್ತಿದ್ದವನು ಬೆರಳು ನಿಲ್ಲಿಸಿದ. "ಅವ್ವ ನೋಡಿದ್ಳೇನು?" ಎಂಬುದು ಅವನ ಮೊದಲ ಮಾತು. ಆಮೇಲೆ, "ಹೆಂಗದಾಳ?" ಎಂದ. ಅದಾದ ಮೇಲೆ, "ಒಂದ ದಿನ ಐತಿ. ಶೀಲಾನ ನಿಶ್ಚಯ ಒಂದ್ ಆಗಿಹೋಗ್ಲಿ. ನೀ ಏನೂ ಗೊತ್ತಿಲ್ಲದಾಂಗ ಇದ್ದುಬಿಡು" ಎಂದ. ಅವನು ಕೆಟ್ಟವನಲ್ಲ. ಹೆದರಿದಾಗ ಬೇಗ ಬೇಗ ಮಾತಾಡಿ ಮುಗಿಸುತ್ತಾನೆ, ಅಷ್ಟೇ.

ತಿಂಡಿಗೆ ಮುಂಚೆ ಎಲ್ಲರನ್ನೂ ಬಳ್ಳಿಗಳ ನಡುವೆ ಸುತ್ತಿಸಿದರು. ಪ್ರತಿ ಸಾಲಿನ ತುದಿಗೆ ಒಂದೊಂದು ಗುಲಾಬಿ ಗಿಡವಿತ್ತು. ಚೆಂದಕ್ಕಲ್ಲವಂತೆ. ಬೂದಿ ರೋಗ ಬಂದರೆ ಮೊದಲು ಗುಲಾಬಿಗೆ ತಗಲುತ್ತದೆ, ಅದು ಬಾಡಿದ್ದನ್ನು ನೋಡಿ ಬಳ್ಳಿಗೆ ಔಷಧ ಹೊಡೆಯುತ್ತಾರೆ ಎಂದು ಸುತ್ತಿಸುವವನು ಹೇಳಿದ. "ಹಂಗಂದ್ರ ಅದನ್ನ ಸಾಯಾಕ ಹಚ್ಚೀರೇನು?" ಎಂದು ದಾನವ್ವ ಕೇಳಿದಳು. ಎಲ್ಲರೂ ನಕ್ಕರು. ಹೇಮಾ ತಡವಾಗಿ ನಕ್ಕಳು. ಐದು ತಿಂಗಳ ಹೊಟ್ಟೆಯ ಮೇಲೆ ಒಂದು ಕೈ, ಎದೆಯ ಮೇಲಿನ ಬೆಳ್ಳಿಯ ಲಿಂಗದ ಕರಡಿಗೆಯ ಮೇಲೆ ಇನ್ನೊಂದು. ಹೆದರಿದಾಗ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ತಿಂಡಿಯ ಮೇಜಿನಲ್ಲಿ ದಾನವ್ವ ನೀರಿನ ಗಾಜಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, "ಇದರಾಗ ಅದನ್ನೂ ಕುಡಿತಿರ್ತಾರೋ ಏನೋ" ಎಂದು ಚೀಲದಿಂದ ತನ್ನ ಸ್ಟೀಲಿನ ಲೋಟ ತೆಗೆದಳು.

"ಅವ್ವಾ, ಮಂದಿ ನೋಡಾಕತ್ತಾರ. ಮರ್ಯಾದಿ ಕಳೀಬ್ಯಾಡ" ಎಂದು ವಾಣಿಶ್ರೀ ಪಿಸುಗುಟ್ಟಿದಳು.

"ನೋಡ್ಲಿ ಬಿಡ. ಕಣ್ಣಿರೋದು ಅದಕ್ಕ" ಎಂದ ದಾನವ್ವ ಹಾಗೆನ್ನುವಾಗ ಹೇಮಾಳ ಕಡೆ ನೋಡಿದಳೆ? ಇಡ್ಲಿಯ ಕಡೆ ನೋಡಿದಳು. ಹೇಮಾ ಇಡ್ಲಿಯನ್ನು ಚೂರು ಮಾಡುತ್ತ ಕೂತಳು. ಬಾಗಿಲಿನಲ್ಲಿ ಬೂದಿ ಬಣ್ಣದ ಅಂಗಿ ಸುಳಿದಾಗಲೆಲ್ಲ, ಈಗ ಕರೆಯುತ್ತಾಳೆ, ಈಗ ಎಲ್ಲರ ಮುಂದೆ 'ಹೇಮಿ' ಎಂದುಬಿಡುತ್ತಾಳೆ ಎಂದು ತಟ್ಟೆಯ ಕಡೆ ತಲೆ ತಗ್ಗಿಸುತ್ತಿದ್ದಳು. ಆಮೇಲೆ ಹೊಳೆಯಿತು: ಚಿಗವ್ವ ಎಂದೂ ಹಾಗೆ ಮಾಡುವವಳಲ್ಲ. ಹಾಗೆ ಮಾಡುವವಳಾಗಿದ್ದರೆ ಆರು ವರ್ಷದ ಹಿಂದೆ ಗೇಟಿನಲ್ಲೇ ಕೂಗುತ್ತಿದ್ದಳು. ಇದು ಹೊಳೆದ ಮೇಲೆ ಭಯ ಕಡಿಮೆಯಾಗಬೇಕಿತ್ತು. ಆಗಲಿಲ್ಲ.

ಗಂಡಸರು ವೈನ್ ತಯಾರಿಸುವ ಕಡೆ ಹೋದರು. ಹೇಮಾ ಕಾಲು ನೋಯುತ್ತವೆಂದು ಹೇಳಿ ಕೋಣೆಗೆ ಬಂದಳು. ಕೋಣೆ ಆಗಲೇ ಸ್ವಚ್ಛವಾಗಿತ್ತು. ಹಾಸಿಗೆಯ ಮೇಲೆ ಒಂದು ಸುಕ್ಕಿಲ್ಲ. ಮೇಜಿನ ಮೇಲೆ ಅವಳ ಕಬ್ಬಿಣಾಂಶದ ಗುಳಿಗೆಯ ಪಟ್ಟಿಯನ್ನು ಯಾರೋ ನೀಟಾಗಿ ನೀರಿನ ಬಾಟಲಿಯ ಪಕ್ಕ ಇಟ್ಟಿದ್ದರು. ಹಾಗಾದರೆ ತಾನು ಬಸುರಿಯೆಂದು ಚಿಗವ್ವನಿಗೆ ಗೊತ್ತಾಗಿದೆ. ದಿಂಬಿಗೆ ಒರಗಲು ಹೋದಾಗ ಕೆಳಗೆ ಏನೋ ಗಂಟು ಕೈಗೆ ತಗಲಿತು. ಬಿಳಿ ನ್ಯಾಪ್ಕಿನ್ನು, ನಾಲ್ಕು ತುದಿ ಸೇರಿಸಿ ಕಟ್ಟಿದ್ದು. ಬಿಚ್ಚಬೇಕಾಗಿರಲಿಲ್ಲ, ಬೆರಳೇ ಓದಿಕೊಂಡಿತು. ಅಕ್ಕಿ. ಅರಿಷಿಣದ ಬೇರು. ಉತ್ತತ್ತಿ. ಅಡಿಕೆ. ಮಡಿಸಿದ ಬಟ್ಟೆಯ ದಡಿ. ಮತ್ತೆ ಹಣ್ಣಿನ ಜಾಗದಲ್ಲಿ ಮೆತ್ತಗೆ, ತಣ್ಣಗೆ, ಗುಂಡು ಗುಂಡಾಗಿ, ಈ ತೋಟದ ಕಪ್ಪು ದ್ರಾಕ್ಷಿಯ ಒಂದು ಗೊಂಚಲು. ಬಳ್ಳಿಗೆ ಕೈ ಹಾಕಿದ ಕೆಲಸದವರನ್ನು ಅದೇ ದಿನ ತೆಗೆಯುತ್ತಾರೆಂದು ಬೆಳಿಗ್ಗೆ ಸುತ್ತಿಸಿದವನು ಜಂಬದಿಂದ ಹೇಳಿದ್ದ. ಹುಲಗೂರಿನಲ್ಲಿ ಪಕ್ಕದ ಮನೆಯ ಬಸುರಿಗೆ ಉಡಿ ತುಂಬುವುದನ್ನು ನೋಡುತ್ತ ಕೂತಾಗ ಚಿಗವ್ವ ಹೇಳಿಕೊಟ್ಟಿದ್ದಳು: ತುಂಬಿಸಿಕೊಂಡವಳು ಐದು ಕಾಳು ತೆಗೆದು ತುಂಬಿದವಳ ಕೈಗೆ ತಿರುಗಿ ಕೊಡಬೇಕು ಹೇಮಿ, ಇಲ್ಲಾಂದ್ರ ಆಕಿ ಮನಿ ಬರಿದಾಕ್ಕೈತಿ. ಹೇಮಾ ಗಂಟನ್ನು ಮೂಗಿನ ಹತ್ತಿರ ತಂದಳು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ವಾಣಿಶ್ರೀ ಬಂದಳು. "ಹೇಮಾ, ನಿನ್ನ ಚಾರ್ಜರ್ ಕೊಡ." ಚೀಲ ಎರಡು ಮಾರು ದೂರದಲ್ಲಿತ್ತು. ಹೇಮಾಳ ಕೈ ಗಂಟನ್ನು ಹಾಸಿಗೆಯ ಮೇಲೆ ಬಿಟ್ಟಿತು, ಮೈ ಅದರ ಮೇಲೆ ಕೂತಿತು. ಯೋಚಿಸಿ ಮಾಡಿದ್ದಲ್ಲ. ಕೆಳಗೆ ಕಾಯಿಗಳು ಒಂದೊಂದಾಗಿ ಒಡೆಯುವುದು ಮೈಗೆ ತಿಳಿಯಿತು.

ವಾಣಿಶ್ರೀ ಚಾರ್ಜರ್ ಸಿಕ್ಕ ಮೇಲೂ ಹೋಗಲಿಲ್ಲ. ನಿಶ್ಚಯದ ಸೀರೆಯ ಮಾತು ತೆಗೆದಳು. ಬೀಗರು ಬಹಳ ಕಟ್ಟುನಿಟ್ಟು, ಮೂರು ತಲೆಮಾರು ವಿಚಾರಿಸಿದರು, ಅಜ್ಜಿಯ ತವರು ಯಾವುದೆಂದೂ ಕೇಳಿದರು ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ಹೇಮಾ ಹೂಂ ಎನ್ನುತ್ತಿದ್ದಳು. ತಂಪು ಹರಡುತ್ತಿತ್ತು. ತೊಡೆಗೆ ಅಂಟುತ್ತಿತ್ತು. ಒಮ್ಮೆಲೇ ವಾಣಿಶ್ರೀಯ ಮಾತು ನಿಂತಿತು. ಅವಳ ಕಣ್ಣು ಬಿಳಿ ಹಾಸಿಗೆಯ ಅಂಚಿಗೆ ನೆಟ್ಟಿತ್ತು.

"ಅವ್ವಾ! ಏ ಅವ್ವಾ, ಬಾರ ಲಗೂನ! ಹೇಮಾಗ ರಕ್ತ ಹೊಂಟೈತಿ!"

ಕೆಳಗೆ ನೋಡಿದ ಹೇಮಾಳಿಗೂ ಅದು ರಕ್ತವೇ. ತನ್ನ ಕೆಳಗೆ ಇರುವುದೇನೆಂದು ಗೊತ್ತಿದ್ದೂ ಗೊತ್ತಿಲ್ಲದೆ ಹೋಯಿತು. ಹಿಂದೊಮ್ಮೆ ಹಿರೇಕೆರೂರಿಗೆ ತರಬೇತಿಗೆ ಹೋಗಿ ಬರುವಾಗ ಬಸ್ಸಿನ ಸೀಟು ಒದ್ದೆಯಾಗಿದ್ದು, ಪಕ್ಕದವಳು ಮೆಲ್ಲಗೆ ಸರಿದು ಕೂತಿದ್ದು, ಮೂರು ತಿಂಗಳಿನದು ಹೋಗಿದ್ದು. ಇದೂ ಹೋಯಿತು. ನಾನೇ ಅದರ ಮೇಲೆ ಕೂತೆ. ವಾಣಿಶ್ರೀ ತೋಳು ಹಿಡಿದು ಎಬ್ಬಿಸಿದಳು. ಎಬ್ಬಿಸಿದಾಗ ಚಪ್ಪಟೆಯಾದ, ಕೆಂಪಾಗಿ ನೆನೆದ ಗಂಟು ಬೆಳಕಿಗೆ ಬಂತು. ಒಂದು ತುದಿ ಬಿಚ್ಚಿಕೊಂಡು ಕೆಂಪು ಅಕ್ಕಿ, ಅರಿಷಿಣದ ಬೇರು ಕಂಡವು. ವಾಣಿಶ್ರೀ ಎರಡು ಹೆಜ್ಜೆ ಹಿಂದೆ ಸರಿದಳು. ರಕ್ತವಲ್ಲವೆಂದು ತಿಳಿದದ್ದೇ ಅವಳ ದನಿ ಇನ್ನೂ ಮೇಲೇರಿತು. "ಮಾಟಾ! ಬಸುರಿ ಹಾಸಿಗ್ಯಾಗ ಯಾರೋ ಮಾಟಾ ಮಾಡಿ ಇಟ್ಟಾರ! ಮುಟ್ಟಬ್ಯಾಡ ಹೇಮಾ, ಮುಟ್ಟಬ್ಯಾಡ!"

ದಾನವ್ವ ಬಂದಳು. ಗಂಟನ್ನು ನೋಡಿದಳು. ಅಳತೆ ಮಾಡುವವಳ ಹಾಗೆ ನಿಧಾನ ನೋಡಿದಳು. ಅವಳು ಏನೂ ಅನ್ನುವ ಮೊದಲೇ ವಾಣಿಶ್ರೀ ಫೋನು ಮಾಡಿ ಆಗಿತ್ತು. ಮ್ಯಾನೇಜರ್ ಶಾಹಬಾಜ ಬಂದ. ತೆಳ್ಳಗಿನ, ಮರ್ಯಾದೆಯ ಹುಡುಗ. ನೋಡಿದವನ ಮುಖ ಬಿಳಿಚಿತು. ದ್ರಾಕ್ಷಿ ತೋಟದ್ದು, ನ್ಯಾಪ್ಕಿನ್ನು ಇಲ್ಲಿನದು. "ಈ ಸಾಲಿನ ರೂಮಿಗೆ ಒಬ್ರ ಬರೋದ್ರಿ ಮೇಡಂ" ಎಂದು ಹೊರಗೆ ಹೋಗಿ ಅಡಿವೆವ್ವನನ್ನು ಕರೆತಂದ.

ಅಡಿವೆವ್ವ ಬಾಗಿಲಿನ ಒಳಗೆ ಒಂದು ಹೆಜ್ಜೆ ಇಟ್ಟು ನಿಂತಳು. ಹೇಮಾ ಗೋಡೆಗೆ ಹೆಗಲು ಕೊಟ್ಟು ಅಡ್ಡಲಾಗಿ ನಿಂತಿದ್ದಳು. ಈಗ ಹತ್ತಿರದಿಂದ ಕಂಡಿತು: ಚಿಗವ್ವನ ಮುಂದಿನ ಒಂದು ಹಲ್ಲು ಹೋಗಿದೆ. ಯಾವಾಗ ಹೋಯಿತು?

"ಇದನ್ನ ನೀ ಇಟ್ಟಿಯೇನು?" ಎಂದ ಶಾಹಬಾಜ.

"ಹೌದ್ರಿ ಸಾಹೇಬ್ರ. ನಾನ ಇಟ್ಟೇನಿ."

"ಯಾಕ?"

ಅಡಿವೆವ್ವ ಹಾಸಿಗೆಯ ಕಲೆಯನ್ನು ನೋಡಿದಳು. ಗಂಟು ಹೀಗೆ ಯಾಕೆ ಅಪ್ಪಚ್ಚಿಯಾಯಿತು ಎಂಬುದನ್ನು ಅವಳು ಹೇಮಾಳ ಸೀರೆಯ ಹಿಂಬದಿಯ ಕೆಂಪಿನಿಂದ ತಿಳಿದುಕೊಂಡಳು. ತಿಳಿದುಕೊಂಡದ್ದು ಮುಖದ ಮೇಲೆ ಕಂಡಿತು. ಆಮೇಲೆ ಅದನ್ನೂ ಒಳಗೆ ಎಳೆದುಕೊಂಡಳು. "ಬಸುರಿ ಹೆಣ್ಣಮಗಳು ನೋಡ್ರಿ. ಬರೀ ಉಡೀಲೆ ಹೋಗಬಾರದು ಅಂತ."

"ನೀ ಯಾರ ಬೇ ನಮ್ಮ ಮನಿ ಸೊಸಿಗೆ ಉಡಿ ತುಂಬಾಕ?" ವಾಣಿಶ್ರೀ ಮುಂದೆ ಬಂದಳು. "ಯಾವೂರು ನಿಂದು? ಯಾರ ಪೈಕಿ? ಹೇಳು!"

ಹೇಮಾ ಚಿಗವ್ವನ ತುಟಿಯನ್ನೇ ನೋಡುತ್ತಿದ್ದಳು. ಹುಲಗೂರು ಎಂದರೆ ಸಾಕು, ಮುಂದಿನ ಪ್ರಶ್ನೆ, ಅದರ ಮುಂದಿನದು. ಆಮೇಲೆ ಶಿಗ್ಗಾಂವಿಯ ಬೀಗರು. ಅಡಿವೆವ್ವ ಬಾಯಿ ತೆರೆಯಲಿಲ್ಲ. ಶಾಹಬಾಜ ನಿಟ್ಟುಸಿರು ಬಿಟ್ಟು, "ದ್ರಾಕ್ಷಿ ಹರದಿದ್ದಕ್ಕ ಕೆಲಸದಾಗ ಇಟ್ಕೊಳ್ಳಾಕ ಬರಾಂಗಿಲ್ಲಬೇ. ನಡಿ, ಆಫೀಸಿಗೆ ಬಾ" ಎಂದ. ಚಿಗವ್ವ ತಿರುಗಿದಳು. ಬಕೆಟ್ಟು ಇಟ್ಟುಬಂದಿದ್ದೇನೆ ಎನ್ನುವವಳ ಹಾಗೆ, ಏನೂ ಆಗದವಳ ಹಾಗೆ. ಗೇಟಿನಿಂದ ತಿರುಗಿದ್ದೂ ಹೀಗೆಯೇ. ಈ ಸಲ ಒಲೆಯ ಮೇಲೆ ಹಾಲಿರಲಿಲ್ಲ.

"ಅವರ್ದೇನು ತಪ್ಪಿಲ್ರಿ" ಎಂದಳು ಹೇಮಾ. ದನಿ ತನ್ನದಲ್ಲವೆನಿಸಿತು. "ನನಗ ದ್ರಾಕ್ಷಿ ತಿನ್ನೂ ಬಯಕಿ ಆಗಿತ್ತು. ಈ ಅಕ್ಕಾರಿಗೆ ನಾನ ಹೇಳಿದ್ದೆ, ಒಂದ್ ಗೊಂಚಲ ತಂದುಕೊಡ್ರಿ ಅಂತ."

ನಿಜ ಹೇಳಲು ಬಾಯಿ ತೆರೆದವಳು ಅರ್ಧ ದಾರಿಯಲ್ಲಿ ತಿರುಗಿಕೊಂಡಿದ್ದಳು. ಅಕ್ಕಾರು ಎಂಬ ಮಾತು ಕೋಣೆಯಲ್ಲಿ ಉಳಿಯಿತು. ಹಾದಿಯಲ್ಲಿ ವಿಳಾಸ ಕೇಳುವವರು ಗುರುತಿಲ್ಲದ ಹೆಂಗಸಿಗೆ ಅನ್ನುವ ಮಾತು. ಅಡಿವೆವ್ವ ಅದಕ್ಕೆ ತಲೆಯಾಡಿಸಿದಳು, ಹೌದು ಎನ್ನುವಂತೆ.

"ದ್ರಾಕ್ಷಿ ಬಯಕಿಗೆ ಅಕ್ಕಿ ಯಾಕ? ಅರಿಷಿಣ ಬೇರು ಯಾಕ?" ವಾಣಿಶ್ರೀ ಬಿಡಲಿಲ್ಲ. "ಆಗ ಯಾಕ ಸುಮ್ಮನ ಇದ್ದಿ ನೀ?"

"ನಾ ಹೇಳಿದ್ದೆ" ಎಂದಳು ದಾನವ್ವ.

ಎಲ್ಲರೂ ಅವಳ ಕಡೆ ತಿರುಗಿದರು. ದಾನವ್ವ ಮಗಳನ್ನು ನೋಡಿ ಮಾತಾಡುತ್ತಿದ್ದಳು, ಮಾತು ಮಾತ್ರ ಬೇರೆಯವರಿಗೆ ಮುಟ್ಟುತ್ತಿತ್ತು. "ನಿನ್ನೆ ಪಡಸಾಲ್ಯಾಗ ಈಕೀನ ನೋಡಿದೆ. ಬಸುರಿ ಕೇಳಿದಾಗ ಬರೀ ಹಣ್ಣು ಕೊಡಬಾರದು, ನಾಕು ಕಾಳು ಹಾಕಿ ಕೊಡು ಅಂತ ನಾನ ಹೇಳೇನಿ. ಹೇಮಾ ನಿನ್ನ ಬಾಯಿಗೆ ಹೆದರಿ ಸುಮ್ಮನಾಗ್ಯಾಳ. ಊರ ಮಂದೀನೆಲ್ಲ ಕೂಡಿಸಬ್ಯಾಡ, ನಿಶ್ಚಯ ಮುಂದೈತಿ. ಸಾಹೇಬ್ರ, ನ್ಯಾಪ್ಕಿನ್ನಿಂದು, ಹಣ್ಣಿಂದು ಬಿಲ್ಲಿಗೆ ಹಚ್ಚಿಬಿಡ್ರಿ."

ನಿನ್ನೆ ಚಪ್ಪಲಿಯ ಸಪ್ಪಳ ನಿಂತದ್ದು ನಿಜ. ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಇಡ್ಲಿ ತಿಂದಿದ್ದಳು. ದಾನವ್ವ ಹಾಸಿಗೆಯ ಹತ್ತಿರ ಹೋಗಿ ಗಂಟನ್ನು ಬಿಚ್ಚಿದಳು. ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿದ, ಕೆಂಪು ಅಂಚಿನ ಹಸಿರು ಖಣ. ಆರು ವರ್ಷ ಟ್ರಂಕಿನಲ್ಲಿ ಇದ್ದದ್ದು. ದಾನವ್ವನಿಗೂ ಅದರ ಗುರುತು ಹತ್ತಿತೇನೋ, ಒಂದು ಗಳಿಗೆ ಅವಳ ಬೆರಳು ಅಂಚಿನ ಮೇಲೆ ನಿಂತಿತು. "ತಂದ ಉಡಿ ತಿರುಗಿ ಹೋಗಬಾರದು" ಎಂದಳು. ಯಾರಿಗೆ ಹೇಳಿದಳೋ. "ಹೇಮಾ, ಸೆರಗು ಒಡ್ಡು."

ಹೇಮಾ ಒಡ್ಡಿದಳು. ದಾನವ್ವ ತನ್ನ ಕೈಯಿಂದ ಒಂದೊಂದಾಗಿ ಹಾಕಿದಳು. ಖಣ, ಒದ್ದೆ ಅಕ್ಕಿ, ಬೇರು, ಉತ್ತತ್ತಿ, ಅಡಿಕೆ, ಒಡೆಯದೆ ಉಳಿದ ಏಳೆಂಟು ದ್ರಾಕ್ಷಿ. ಕೆಂಪು ರಸ ಸೆರಗಿಗೆ ಇಳಿಯಿತು. ಅಡಿವೆವ್ವ ಬಾಗಿಲಲ್ಲಿ ನಿಂತು ನೋಡಿದಳು. ಅವಳ ಎರಡೂ ಕೈ ಮುಂದೆ ಬಂದು ಅರ್ಧದಲ್ಲಿ ನಿಂತಿದ್ದವು, ಅಕ್ಕಿ ಹಿಡಿದ ಕೈಗಳ ಆಕಾರದಲ್ಲಿ, ಖಾಲಿ. ತುಂಬಿಯಾದ ಮೇಲೆ ಹೇಮಾ ಐದು ಕಾಳು ತೆಗೆದಳು. ಬಾಗಿಲು ಆರು ಹೆಜ್ಜೆ ದೂರ. ದಾನವ್ವನ ಅಂಗೈ ಎದುರಿಗೇ ಚಾಚಿತ್ತು. ವಾಣಿಶ್ರೀ ನೋಡುತ್ತಿದ್ದಳು. ಹೇಮಾ ಐದು ಕಾಳನ್ನು ದಾನವ್ವನ ಅಂಗೈಗೆ ಹಾಕಿದಳು.

"ನಾ ಹೋಗ್ಲೇನ್ರಿ ಸಾಹೇಬ್ರ? ಇನ್ನಾ ಮೂರು ರೂಮ್ ಅದಾವ" ಎಂದಳು ಅಡಿವೆವ್ವ. ಶಾಹಬಾಜ ಹೂಂ ಎಂದ. ಅವಳು ಎದೆಯ ಮೇಲೆ ಕೈಯಿಟ್ಟು, "ಬರ್ತೇನ್ರಿ ಮೇಡಂ" ಎಂದಳು. ನಿನ್ನೆ ಮೇಡಂ ಎನ್ನುವಾಗ ದನಿಯಲ್ಲಿ ಏನೋ ಬೇರೆ ಇತ್ತು. ಈಗ ಹೇಳಿದಾಗ ಅದು ಬರೀ ಮೇಡಂ.

ಮರುದಿನ ಬೆಳಿಗ್ಗೆ ಬಿಲ್ಲಿನಲ್ಲಿ ನ್ಯಾಪ್ಕಿನ್ನಿಗೆ ನಾನೂರ ಐವತ್ತು ಸೇರಿತ್ತು. ರುದ್ರೇಶ ತಕರಾರು ತೆಗೆದ, ದಾನವ್ವ ಕೊಟ್ಟುಬಿಡು ಎಂದಳು. ಕಾರು ಗೇಟು ದಾಟುವ ತನಕ ಚನ್ನೇಶ ಹೆಂಡತಿಯ ಕೈ ಹಿಡಿದುಕೊಂಡಿದ್ದ, ದಾಟಿದ ಮೇಲೆ ಬಿಟ್ಟ. ಶೀಲಾಳ ನಿಶ್ಚಯ ಹೇಳಿದ ದಿನವೇ ಆಯಿತು. ಅಡಿವೆವ್ವನ ಕೆಲಸ ಉಳಿಯಿತು. ಜೂನಿನಲ್ಲಿ ಹೇಮಾಳಿಗೆ ಹೆಣ್ಣು ಮಗು ಹುಟ್ಟಿತು, ಎರಡೂ ಮುಕ್ಕಾಲು ಕಿಲೊ, ಆರೋಗ್ಯವಾಗಿದೆ. ದವಾಖಾನೆಯಿಂದಲೇ ಅವಳು ಅಡಿವೆವ್ವನ ನಂಬರ್ ಹುಡುಕಿ ಫೋನು ಮಾಡಿದಳು. ಆ ಕಡೆಯಿಂದ ಬಂದ ದನಿ ಚೆನ್ನಾಗಿಯೇ ಮಾತಾಡಿತು, ಕೂಸು ಹೇಗಿದೆ ಎಂದು ಕೇಳಿತು, ಅಳಲಿಲ್ಲ, ದೂರಲಿಲ್ಲ, ಕೊನೆಗೆ "ಆತ್ರಿ ಮೇಡಂ, ಇಡ್ತೇನ್ರಿ" ಎಂದಿತು. ಹೇಮಿ ಎಂದು ಕರೆಯುವವಳು ಒಬ್ಬಳಿದ್ದಳು. ಈಗ ಇಲ್ಲ.